ಕನ್ನಡಿ, ಕಾಗದ ಮತ್ತು ತನ್ನ ಮುಖ

ಚಿತ್ರ ಬರೆಯುವ ಹವ್ಯಾಸವುಳ್ಳ ತರುಣನೊಬ್ಬ ರಜೆಯ ಮಧ್ಯಾಹ್ನವೆಲ್ಲ ಕನ್ನಡಿಯೆದುರು ಕುಳಿತು ತನ್ನ ಭಾವಚಿತ್ರವನ್ನು ತಾನೇ ಬರೆದು ಮುಗಿಸುತ್ತಾನೆ. ಹುಬ್ಬು, ಮೀಸೆ, ಕನ್ನಡಕ, ಅಂಗಿಯ ಗುಂಡಿ, ಯಾವುದನ್ನೂ ಬಿಟ್ಟಿಲ್ಲ. ಹೆಮ್ಮೆಯಿಂದ ಅದನ್ನು ಅಡಿಗೆಮನೆಗೆ ಒಯ್ದು ತೋರಿಸಿದರೆ ತಾಯಿ ಕಣ್ಣು ಕಿರಿದು ಮಾಡಿ ನೋಡಿ, “ಇದು ಯಾರೋ? ನಿನ್ನ ಸೋದರಮಾವನ ಹಾಗಿದೆಯಲ್ಲ!” ಎನ್ನುತ್ತಾಳೆ. ತಂಗಿಗೆ ನಗು ತಡೆಯದು.

ಇಂತಹ ಪ್ರಸಂಗದಲ್ಲಿ ಕೈ ಪಳಗಿಲ್ಲವೆಂದು ತೀರ್ಪುಕೊಡುವುದು ಸುಲಭ. ಆದರೆ ದೋಷದ ಬಹುಪಾಲು ಕೈಯದಲ್ಲ; ಕಣ್ಣು ಕಂಡುದನ್ನು ನಂಬದೆ, ತನಗೆ ಗೊತ್ತಿರುವುದನ್ನೇ ಬರೆಯಿಸುವ ಮನಸ್ಸಿನದು. ಅಂಗೈ ಹುಣ್ಣಿಗೆ ಕನ್ನಡಿ ಬೇಡದಿರಬಹುದು. ಮುಖಕ್ಕಂತೂ ಅದು ಬೇಕೇ ಬೇಕು. ದಿನಕ್ಕೆ ನಾಲ್ಕು ಬಾರಿ ಅದರಲ್ಲಿ ನೋಡಿಕೊಳ್ಳುವವರಿಗೂ ಅಲ್ಲಿ ಕಾಣುವುದೇನೆಂಬುದು ಸರಿಯಾಗಿ ತಿಳಿದಿರುವುದಿಲ್ಲ. ಬಿಸಿನೀರಿನ ಆವಿಯಿಂದ ಮಸುಕಾದ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, ಅಲ್ಲಿ ಕಾಣುವ ಮುಖದ ಸುತ್ತ ಬೆರಳಿನಿಂದ ಗೆರೆ ಎಳೆದು ನೋಡಿ. ಆ ಗೆರೆಯ ಅಳತೆ ನಿಜವಾದ ಮುಖದ ಅರ್ಧದಷ್ಟೇ ಇರುತ್ತದೆ; ಹತ್ತಿರ ನಿಂತರೂ ಅಷ್ಟೆ, ದೂರ ಸರಿದರೂ ಅಷ್ಟೆ. ಪ್ರತಿಬಿಂಬವು ಗಾಜಿನ ಹಿಂದೆ, ನೋಡುವವನು ಮುಂದೆ ಇರುವಷ್ಟೇ ದೂರದಲ್ಲಿ ತೋರುವುದರಿಂದ ಗಾಜು ಸರಿಯಾಗಿ ನಡುವೆ ಬೀಳುತ್ತದೆ. ಜೀವಮಾನವೆಲ್ಲ ಕಂಡ ಸಂಗತಿಯೂ ಕಾಣದೆ ಉಳಿಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕನ್ನಡಿ ಎಡಬಲಗಳನ್ನು ಅದಲುಬದಲು ಮಾಡಿ ತೋರಿಸುತ್ತದೆಂಬುದು ಎಲ್ಲರಿಗೂ ತಿಳಿದ ವಿಷಯ. ಅದರ ಫಲ ಮಾತ್ರ ಹೊಳೆಯುವುದಿಲ್ಲ. ಯಾರ ಮುಖದ ಎರಡು ಪಾರ್ಶ್ವಗಳೂ ಒಂದೇ ತೆರನಾಗಿರುವುದಿಲ್ಲ. ಒಂದು ಹುಬ್ಬು ತುಸು ಮೇಲೆ, ಬಾಯಿಯ ಒಂದು ಕೊನೆ ತುಸು ಕೆಳಗೆ. ಬರೆದವನು ಬಲ್ಲ ಮುಖ ಒಂದು, ಮನೆಯವರು ಬಲ್ಲ ಮುಖ ಅದರ ತಿರುವುಮುರುವು. ವಿನ್ಸೆಂಟ್ ವಾನ್ ಗೋ ೧೮೮೯ರ ಜನವರಿಯಲ್ಲಿ ಬರೆದ ಪ್ರಸಿದ್ಧ ಚಿತ್ರದಲ್ಲಿ ಪಟ್ಟಿ ಕಟ್ಟಿರುವುದು ಬಲಗಿವಿಗೆಂದು ತೋರುತ್ತದೆ; ಗಾಯವಾಗಿದ್ದುದು ಎಡಗಿವಿಗೆ. ಆದುದರಿಂದ ಚಿತ್ರವನ್ನು ತಾಯಿಗೆ ತೋರಿಸುವ ಮೊದಲು ಅದನ್ನೇ ಕನ್ನಡಿಗೆ ಹಿಡಿದು ನೋಡುವುದು ಲೇಸು. ತನ್ನ ಕೃತಿಯನ್ನು ಚಿತ್ರಕಾರನು ಕನ್ನಡಿಯಲ್ಲಿ ಪರೀಕ್ಷಿಸಬೇಕೆಂದು ಲಿಯೊನಾರ್ಡೊ ದ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಹೇಳಿದ್ದಾನೆ. ಗಂಟೆಗಟ್ಟಲೆ ನೋಡಿ ಒಗ್ಗಿಹೋದ ತಪ್ಪು, ತಿರುಗಿಸಿದೊಡನೆ ಪರರ ತಪ್ಪಿನಂತೆ ಎದ್ದು ಕಾಣುತ್ತದೆ. ಪರರ ತಪ್ಪು ಕಾಣುವುದರಲ್ಲಿ ನಾವೆಲ್ಲ ನಿಪುಣರಲ್ಲವೆ?

ಆಗ ಎದ್ದುತೋರುವ ಮೊದಲ ತಪ್ಪು ಸಾಮಾನ್ಯವಾಗಿ ಕಣ್ಣುಗಳ ಸ್ಥಾನದ್ದು. ಹಣೆಯನ್ನೂ ತಲೆಗೂದಲನ್ನೂ ಲೆಕ್ಕಕ್ಕೆ ತರದೆ, ಕಣ್ಣುಗಳನ್ನು ತೀರ ಮೇಲಕ್ಕೆ ಏರಿಸುವುದು ಅಭ್ಯಾಸಿಗಳ ವಾಡಿಕೆ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣುಗಳಿರುವುದು ಸುಮಾರು ನಡುಮಧ್ಯದಲ್ಲಿ. ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣಿಗಾಗುವಷ್ಟು ಎಡೆ. ಇವು ಸ್ಥೂಲವಾದ ಅಳತೆಗಳು. ಪುಸ್ತಕದ ಪ್ರಮಾಣಕ್ಕೂ ತನ್ನ ಮುಖಕ್ಕೂ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿಯೇ ಹೋಲಿಕೆ ಅಡಗಿರುತ್ತದೆ. ಮೊಣಕೈ ಬಾಗದಂತೆ ತೋಳು ನೀಡಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಸರಿಸಿ ಅಳೆಯುವ ಹಳೆಯ ಪದ್ಧತಿ ಇದಕ್ಕೆ ಸಾಕು. ತಲೆ ಅಲುಗಾಡುವುದೇ ದೊಡ್ಡ ತೊಡಕು. ಕಾಗದದ ಹಲಗೆಯನ್ನು ಮಡಿಲಲ್ಲಿ ಇಟ್ಟುಕೊಳ್ಳದೆ ಕನ್ನಡಿಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ, ಗಾಜಿನ ಮೇಲೆ ಮೂಗಿನ ತುದಿ ಕಾಣುವಲ್ಲಿ ಸಾಬೂನಿನಿಂದ ಒಂದು ಚುಕ್ಕೆ ಇಟ್ಟರೆ, ಪ್ರತಿಸಲವೂ ತಲೆಯನ್ನು ಅದೇ ಜಾಗಕ್ಕೆ ತರಬಹುದು.

ಫೋಟೋ ನೋಡಿ ಬರೆದರಾಗದೆ ಎಂದು ಕೇಳುವವರುಂಟು. ಆಗದೆಂದೇನಿಲ್ಲ. ಆದರೆ ಮೊಬೈಲ್ ಫೋನನ್ನು ತೋಳಿನಳತೆಯಲ್ಲಿ ಹಿಡಿದು ತೆಗೆದ ಚಿತ್ರದಲ್ಲಿ ಮೂಗು ದಪ್ಪವಾಗಿ, ಕಿವಿಗಳು ಹಿಂದಕ್ಕೆ ಸರಿದು ಕಾಣುವುವು. ಆ ವಿಕಾರವನ್ನೂ ಕೈ ಶ್ರದ್ಧೆಯಿಂದ ನಕಲು ಮಾಡುತ್ತದೆ.

ನೆರಳುಬೆಳಕಿನ ವಿಚಾರದಲ್ಲಿ ನಮ್ಮವರಿಗೆ ಒಂದು ವಿಶೇಷವಾದ ಎಚ್ಚರಿಕೆ ಬೇಕು. ಯುರೋಪಿನ ಅಭ್ಯಾಸಪುಸ್ತಕಗಳಲ್ಲಿ ಮುಖದ ಬೆಳಕಿನ ಭಾಗಕ್ಕೆ ಕಾಗದದ ಬಿಳುಪನ್ನೇ ಬಿಟ್ಟಿರುತ್ತಾರೆ. ಅದನ್ನು ಅನುಕರಿಸಿದ ಗೋಧಿಬಣ್ಣದ ಇಲ್ಲವೆ ಎಣ್ಣೆಗಪ್ಪಿನ ಮುಖ ಸುಣ್ಣ ಬಳಿದಂತೆ ಆಗುತ್ತದೆ. ಅಂತಹ ಮುಖಕ್ಕೆ ಮೊದಲು ಒಂದು ಮಧ್ಯಮ ಛಾಯೆಯನ್ನು ಹರಡಿ, ಮೂಗಿನ ತುದಿ, ಕೆನ್ನೆಯ ಉಬ್ಬು, ಹಣೆಯ ಹೊಳಪು ಇವನ್ನು ರಬ್ಬರಿನ ಮೂಲೆಯಿಂದ ಎತ್ತಿ ತೆಗೆಯಬೇಕು. ಕಿಟಕಿ ಒಂದೇ ಪಕ್ಕದಲ್ಲಿರಲಿ. ಮೇಲಿನ ದೀಪ ಆರಿರಲಿ. ಕಣ್ಣಿನ ಬಿಳಿಯೆಂಬುದು ಬಿಳಿಯಲ್ಲ; ರೆಪ್ಪೆಯ ನೆರಳು ಅದರ ಮೇಲೆ ಬಿದ್ದು ಬೂದುಬಣ್ಣವಾಗಿರುತ್ತದೆ. ಎಣ್ಣೆ ಹಚ್ಚಿ ಬಾಚಿದ ಕೂದಲನ್ನು ಎಳೆಯೆಳೆಯಾಗಿ ಬಿಡಿಸುವುದು ವ್ಯರ್ಥಶ್ರಮ. ಅದೊಂದು ಕಪ್ಪು ರಾಶಿ, ನಡುವೆ ಬೆಳಕಿನ ಒಂದು ಪಟ್ಟಿ. ಹ್ರಸ್ವದೃಷ್ಟಿಯ ಕನ್ನಡಕವಿದ್ದವರ ಗಾಜಿನ ಹಿಂದೆ ಕೆನ್ನೆಯ ಗೆರೆ ಒಳಸರಿದು ತುಂಡಾಗಿ ಕಾಣುತ್ತದೆ. ಅದನ್ನು ‘ಸರಿಪಡಿಸಿ’ ಕೂಡಿಸಿದರೆ ಕನ್ನಡಕ ಬರಿಯ ಚೌಕಟ್ಟಾಗುತ್ತದೆ. ಎಚ್‌ಬಿ ಪೆನ್ಸಿಲೊಂದರಿಂದಲೇ ಎಲ್ಲವನ್ನೂ ಸಾಧಿಸಲು ಹೊರಟವರ ಚಿತ್ರ ಬೂದಿಯಂತಿರುವುದು ಸಹಜ. ೪ಬಿ, ೬ಬಿ ಪೆನ್ಸಿಲುಗಳ ಕಡುಗಪ್ಪಿಗೆ ಹೆದರಬಾರದು.

ಇಷ್ಟೆಲ್ಲ ಸರಿಹೋದ ಮೇಲೂ ಒಂದು ತೊಡಕು ಉಳಿಯುತ್ತದೆ, ಅದು ಕಸಬಿನದಲ್ಲ. ಬೇಲೂರಿನ ದರ್ಪಣಸುಂದರಿ ಕನ್ನಡಿ ಹಿಡಿದಿರುವುದು ತನ್ನ ಚೆಲುವನ್ನು ನೋಡಿಕೊಳ್ಳಲು. ನಾವೂ ಕನ್ನಡಿಯ ಮುಂದೆ ನಿಂತೊಡನೆ ಹುಬ್ಬು ಸಡಿಲಿಸಿ, ಗಲ್ಲ ಎತ್ತಿ, ಮೆಚ್ಚುವಂತಹ ಮುಖವೊಂದನ್ನು ತೊಟ್ಟುಕೊಳ್ಳುತ್ತೇವೆ. ಎರಡು ಗಂಟೆ ಕುಳಿತರೆ ಆ ಮುಖ ಜಾರುತ್ತದೆ. ಕಣ್ಣಿನ ಕೆಳಗಿನ ಚೀಲ, ಇಳಿದ ತುಟಿ, ತಂದೆಯ ಮುಪ್ಪಿನಲ್ಲಿ ಕಂಡಿದ್ದ ಸುಕ್ಕು ಒಂದೊಂದಾಗಿ ಹೊರಬೀಳುತ್ತವೆ. ಹೆಚ್ಚಿನವರು ರಬ್ಬರನ್ನು ಕೈಗೆತ್ತಿಕೊಳ್ಳುವುದು ಆಗಲೇ.

ರೆಂಬ್ರಾಂಟ್ ಹಾಗೆ ಮಾಡಲಿಲ್ಲ. ೧೬೩೦ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಬಾಯಿ ತೆರೆದು ಕಣ್ಣರಳಿಸಿದ ತನ್ನ ಮುಖವನ್ನು ತಾಮ್ರದ ತಗಡಿನ ಮೇಲೆ ಕೆತ್ತಿದವನು, ೧೬೫೬ರಲ್ಲಿ ದಿವಾಳಿಯಾದ ಮೇಲೂ, ೧೬೬೯ರಲ್ಲಿ ಸಾಯುವ ವರ್ಷವೂ ಅದೇ ಮುಖವನ್ನು ಬರೆದ. ಇನ್ನೂ ಹೃದಯವನ್ನು ಹಿಡಿಯುವವಳು ಜರ್ಮನಿಯ ಕೇಟೆ ಕೋಲ್‌ವಿಟ್ಸ್. ಮಹಾಯುದ್ಧದ ಮೊದಲ ತಿಂಗಳುಗಳಲ್ಲಿ, ೧೯೧೪ರ ಅಕ್ಟೋಬರಿನಲ್ಲಿ, ಆಕೆಯ ಕಿರಿಯ ಮಗ ಪೀಟರ್ ಹದಿನೆಂಟರ ಪ್ರಾಯದಲ್ಲಿ ಬೆಲ್ಜಿಯಮ್ಮಿನಲ್ಲಿ ಮಡಿದ. ಹರೆಯದಿಂದ ಮುಪ್ಪಿನವರೆಗೆ ಆಕೆ ಬರೆದ ಸ್ವಚಿತ್ರಗಳನ್ನು ಸಾಲಾಗಿ ನೋಡಿದರೆ, ಆ ದುಃಖ ರೆಪ್ಪೆಗಳಲ್ಲಿ ನೆಲಸಿದುದನ್ನು ಯಾರೂ ಹೇಳಬೇಕಿಲ್ಲ. ನಾಜಿಗಳು ಆಕೆಯನ್ನು ಕಲಾಅಕಾಡೆಮಿಯಿಂದ ಹೊರಗೆ ಹಾಕಿಸಿದ ೧೯೩೩ರಲ್ಲಿಯೇ ಬರೆದ ಇದ್ದಿಲಿನ ಚಿತ್ರವೊಂದರಲ್ಲಿ ಆಕೆ ಪಕ್ಕಕ್ಕೆ ತಿರುಗಿ ಚಿತ್ರ ಬರೆಯುತ್ತಿದ್ದಾಳೆ. ತನ್ನ ಪಾರ್ಶ್ವಮುಖ ತನಗೆ ಕಾಣಬೇಕಾದರೆ ಎರಡು ಕನ್ನಡಿಗಳನ್ನು ಹೂಡಬೇಕು. ಮುಖವನ್ನೂ ಬರೆಯುವ ಕೈಯನ್ನೂ ಎಚ್ಚರದಿಂದ ರೂಪಿಸಿದವಳು, ನಡುವಿನ ತೋಳನ್ನು ಮಾತ್ರ ಅಂಕುಡೊಂಕಾದ ಕೆಲವು ಬಿರುಸು ಗೆರೆಗಳಲ್ಲಿ ಎಳೆದುಬಿಟ್ಟಿದ್ದಾಳೆ. ಆ ತೋಳಿನಲ್ಲಿ ಶಕ್ತಿಯೆಷ್ಟು! ಅಂಗಿಯ ಗುಂಡಿಗೂ ಕಣ್ಣಿಗೂ ಒಂದೇ ಮರ್ಯಾದೆ ಕೊಡುವ ನಮ್ಮ ತರುಣನು ಆ ಚಿತ್ರದ ಮುದ್ರಿತ ಪ್ರತಿಯನ್ನಾದರೂ ಸಂಪಾದಿಸಿ ಗೋಡೆಗೆ ಅಂಟಿಸಿಕೊಳ್ಳಬೇಕು.

ಇನ್ನು ಹಳೆಯ ಹಾಳೆಗಳನ್ನು ಹರಿದೆಸೆಯುವ ಅಭ್ಯಾಸ. ಅದರಿಂದ ನಷ್ಟವೇ ಹೆಚ್ಚು. ದಿನಾಂಕ ಬರೆದು ಕಟ್ಟಿಡುವುದು ಮೇಲು. ಆಲ್‌ಬ್ರೆಖ್ಟ್ ಡ್ಯೂರರ್ ೧೪೮೪ರಲ್ಲಿ, ಹದಿಮೂರು ವರ್ಷದ ಹುಡುಗನಾಗಿದ್ದಾಗ, ಬೆಳ್ಳಿಯ ಮೊನೆಯಿಂದ ತನ್ನ ಚಿತ್ರವನ್ನು ಬರೆದುಕೊಂಡ. ಅಳಿಸಿ ತಿದ್ದಲು ಬಾರದ ಸಾಧನ ಅದು. ಹುಡುಗ ನಮ್ಮನ್ನು ನೋಡುತ್ತಿಲ್ಲ. ದೃಷ್ಟಿ ಪಕ್ಕಕ್ಕೆ ಹೊರಳಿದೆ. ಒಂದು ಕೈ ಬೆರಳು ಚಾಚಿ ಏನನ್ನೋ ತೋರಿಸುತ್ತಿದೆ, ಇನ್ನೊಂದು ಕೈ ತೋಳಿನ ಬಟ್ಟೆಯಲ್ಲಿ ಮರೆಯಾಗಿದೆ. ಸುಮಾರು ಏಳು ವರ್ಷಗಳ ತರುವಾಯ ಮಸಿಯಲ್ಲಿ ಬರೆದ ಇನ್ನೊಂದು ಚಿತ್ರದಲ್ಲಿ ಅದೇ ಮುಖ, ಕೈಗೆ ತಲೆಯಾನಿಸಿ, ನೋಡುವವರನ್ನೇ ನೆಟ್ಟ ನೋಟದಿಂದ ಎದುರಿಸುತ್ತದೆ. ಯುರೋಪಿನಲ್ಲೆಲ್ಲ ಹೆಸರಾದ ಮೇಲೆಯೂ ಡ್ಯೂರರ್ ಬಾಲ್ಯದ ಆ ಹಾಳೆಯನ್ನು ಬಿಸುಡಲಿಲ್ಲ. ೧೪೮೪ರಲ್ಲಿ, ತಾನಿನ್ನೂ ಮಗುವಾಗಿದ್ದಾಗ, ಕನ್ನಡಿ ನೋಡಿ ಇದನ್ನು ಬರೆದುದಾಗಿ ಅದರ ಮೇಲ್ತುದಿಯಲ್ಲಿ ತನ್ನ ಕೈಯಿಂದಲೇ ಬರೆದಿಟ್ಟ. ಅದು ಈಗ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ.