ಬೆರಳಿಗೆ ಸಿಗುವ ಗೆರೆ

‘ತ್ರಿಕೋನ ರಚಿಸಿ, ಕೋನಗಳನ್ನು ಹೆಸರಿಸಿ’ ಎಂದಾಗ ಕಣ್ಣು ಕಾಣದ ವಿದ್ಯಾರ್ಥಿ ಏನು ಮಾಡಬೇಕು? ಸಿಬಿಎಸ್‌ಇ ಪರೀಕ್ಷೆಗಳಲ್ಲಿ ಚಿತ್ರ ಆಧರಿಸಿದ ಪ್ರಶ್ನೆಗೆ ಬದಲಾಗಿ ಇಂಥವರಿಗೆ ಬೇರೆ ಪ್ರಶ್ನೆ ಕೊಡುವ ಏರ್ಪಾಡಿದೆ. ಪರೀಕ್ಷೆಯ ಮಟ್ಟಿಗೆ ಅದು ನ್ಯಾಯವೇ. ಆದರೆ ಪರೀಕ್ಷೆಯಲ್ಲಿ ಬಿಟ್ಟದ್ದು ತರಗತಿಯಲ್ಲೂ ಬಿಟ್ಟುಹೋದರೆ ರೇಖಾಗಣಿತ, ನಕ್ಷೆ, ಹೃದಯದ ಕವಾಟ ಎಲ್ಲವೂ ಆ ಮಗುವಿಗೆ ಬರೀ ಮಾತಾಗಿ ಉಳಿಯುತ್ತವೆ.

ಅಂಧರು ಚಿತ್ರ ಬರೆಯಲಾರರು ಎಂಬ ನಂಬಿಕೆ ಸುಳ್ಳು. ಟೊರಾಂಟೊ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾನ್ ಕೆನೆಡಿ ಅನೇಕ ಪ್ರಯೋಗ ನಡೆಸಿ, 1993ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಇದನ್ನು ತೋರಿಸಿಕೊಟ್ಟರು. ಹುಟ್ಟಿನಿಂದ ದೃಷ್ಟಿ ಇಲ್ಲದವರೂ ವಸ್ತುವಿನ ಅಂಚನ್ನು ಗೆರೆಯಾಗಿ ಬರೆಯಬಲ್ಲರು. ಆ ಗೆರೆ ಬರೆದವರ ಬೆರಳಿಗೆ ಸಿಗಬೇಕು, ಅಷ್ಟೇ.

ಅದಕ್ಕೆ ಒಂದು ಸಾಧನ ರಬ್ಬರ್ ಹಾಸಿದ ಹಲಗೆ. ಅದರ ಮೇಲೆ ಇದಕ್ಕೆಂದೇ ಸಿಗುವ ತೆಳು ಪ್ಲಾಸ್ಟಿಕ್ ಹಾಳೆಯಿಟ್ಟು ಬಾಲ್‌ಪೆನ್ನಿನಿಂದ ಒತ್ತಿ ಎಳೆದರೆ ಗೆರೆ ಅಲ್ಲೇ ಉಬ್ಬಿ ಏಳುತ್ತದೆ. ಬಲಗೈ ಬರೆಯುತ್ತಿದ್ದಂತೆ ಎಡಗೈ ಬೆರಳು ಹಿಂದೆಯೇ ಓದುತ್ತ ಬರುತ್ತದೆ. ಅದೇ ಹಲಗೆಯ ಮೇಲೆ ದಪ್ಪ ಕಾಗದವಿಟ್ಟು, ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಹಲ್ಲುಚಕ್ರವನ್ನು ಉರುಳಿಸಿದರೆ ಚುಕ್ಕಿಗೆರೆ ಹಿಂಬದಿಗೆ ಏಳುತ್ತದೆ. ಕಾಗದ ಮಗುಚಿದಾಗ ಎಡವೆಲ್ಲ ಬಲ. ಕರ್ನಾಟಕದ ನಕ್ಷೆಯಲ್ಲಿ ಮಂಗಳೂರು ಪೂರ್ವಕ್ಕೆ ಬಂದು ಕೂರುತ್ತದೆ! ಮೊದಲೇ ತಿರುವುಮುರುವಾಗಿ ಬರೆಯಬೇಕು. ಕಣ್ಣಿದ್ದವರು ಇಲ್ಲಿ ತಡವರಿಸುತ್ತಾರೆ. ಬ್ರೈಲ್ ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಚುಚ್ಚಿ, ಮಗುಚಿ, ಎಡದಿಂದ ಬಲಕ್ಕೆ ಓದುವ ಮಗುವಿಗೆ ಇಂಥ ಅದಲುಬದಲು ಹೊಸದಲ್ಲ.

ಇನ್ನೂ ಅಗ್ಗದ್ದು ಬೇಕೆ? ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯ ತುಂಡನ್ನು ರಟ್ಟಿಗೆ ಬಿಗಿದು, ಚುಚ್ಚದಂತೆ ಅಂಚಿಗೆ ಟೇಪು ಅಂಟಿಸಿ. ಮೇಲೆ ಹಾಳೆಯಿಟ್ಟು ಮೇಣದ ಬಣ್ಣದ ಕಡ್ಡಿಯಿಂದ ಒತ್ತಿ ಬರೆದರೆ ತರಿತರಿಯಾದ ಗೆರೆ ಮೂಡುತ್ತದೆ. ಬಿಸಿ ತಾಗಿದಾಗ ಕಪ್ಪು ಗೆರೆಗಳು ಉಬ್ಬುವ ‘ಸ್ವೆಲ್ ಪೇಪರ್’ ಕೂಡ ಉಂಟು. ಆದರೆ ಅದಕ್ಕೆ ಕಾಯಿಸುವ ಯಂತ್ರ ಬೇಕು, ಮೇಲಾಗಿ ಅದು ಹೆಚ್ಚಾಗಿ ಶಿಕ್ಷಕರು ಸಿದ್ಧಪಡಿಸಿದ ಚಿತ್ರವನ್ನು ಮಗು ಓದುವುದಕ್ಕೆ.

ದೆಹಲಿ ಐಐಟಿಯ ಸಂಶೋಧನೆಯಿಂದ ಹುಟ್ಟಿದ ರೈಸ್ಡ್ ಲೈನ್ಸ್ ಫೌಂಡೇಶನ್ ಪಠ್ಯಪುಸ್ತಕಗಳ ಉಬ್ಬುಚಿತ್ರಗಳನ್ನು ತಯಾರಿಸುತ್ತದೆ. ಮನೆಯಲ್ಲೇ ಮಾಡುವವರು ಪುಸ್ತಕದ ಚಿತ್ರವನ್ನು ಇದ್ದಂತೆಯೇ ಉಬ್ಬಿಸಬಾರದು. ಎರಡು ಗೆರೆಗಳ ನಡುವೆ ಕನಿಷ್ಠ 3 ಮಿ.ಮೀ. ಜಾಗವಿರಲಿ, ಇಲ್ಲವಾದರೆ ಬೆರಳಿಗೆ ಎರಡೂ ಒಂದೇ. ಹೂವಿನ ಪಾಠವಾದರೆ ಮೊದಲು ದಾಸವಾಳವನ್ನೇ ಕೈಗಿಡಿ, ಎಸಳು ಬಿಡಿಸಿ ಮುಟ್ಟಲಿ. ಚಿತ್ರ ಆಮೇಲೆ.

ಮಗು ಬರೆದ ಮೊದಲ ಮೇಜಿನ ನಾಲ್ಕು ಕಾಲುಗಳೂ ನಾಲ್ಕು ಮೂಲೆಗಳಿಂದ ಹೊರಕ್ಕೆ ಚಾಚಿರಬಹುದು. ತಿದ್ದಲು ಅವಸರ ಬೇಡ. ಯಾವ ಕಾಲು ಎಲ್ಲಿಯದು ಎಂದು ಕೇಳಿ, ಬೆರಳಿಟ್ಟು ತೋರಿಸುತ್ತದೆ.