ಜಲಪಾತದ ಅಂಚಿನ ಮಿಲ್ಲಿನೂರು

ನಮ್ಮ ಅತ್ತೆಯವರ ದೇವರ ಪೆಟ್ಟಿಗೆಯಲ್ಲಿ ಕುಂಕುಮದ ಭರಣಿ ಪಕ್ಕ ಒಂದು ಹಿತ್ತಾಳೆ ಬಿಲ್ಲೆ ಇದೆ. ಅಂಚಿನಲ್ಲಿ ಒಂದು ತೂತು, ನಡುವೆ ನಂಬರು. ಅತ್ತೆಯವರ ತಾಯಿ ಬೆಂಗಳೂರಿನ ಒಂದು ಬಟ್ಟೆ ಮಿಲ್ಲಿನಲ್ಲಿ ನೂಲು ಸುತ್ತುವ ಕೆಲಸಕ್ಕಿದ್ದರಂತೆ. ಬೆಳಗಾಗೆದ್ದು ಒಲೆ ಹಚ್ಚಿ, ಮುದ್ದೆ ಮಾಡಿಟ್ಟು, ಶಂಖ ಊದುವ ಹೊತ್ತಿಗೆ ಗೇಟಿನಲ್ಲಿ ಈ ಬಿಲ್ಲೆ ತೋರಿಸಬೇಕು. ಕೈಲಾಗದೆ ಕೆಲಸ ಬಿಟ್ಟ ಮೇಲೆ ಮಿಲ್ಲಿನವರು ಕೊಟ್ಟ ಮನೆಯನ್ನೂ ಬಿಡಬೇಕಾಯಿತು. ಪಾತ್ರೆ ಪಗಡೆ ಗಾಡಿಗೆ ಹೇರಿ ಹೊರಟಾಗ ಬಿಲ್ಲೆಯೊಂದು ಹೇಗೋ ಸೆರಗಿನ ಗಂಟಿನಲ್ಲಿ ಉಳಿಯಿತು.

ಆ ಮಿಲ್ಲೂ ಈಗಿಲ್ಲ, ಮನೆಯೂ ಇಲ್ಲ. ಬೆಂಗಳೂರಿನ ಹಳೇ ಮಿಲ್ಲುಗಳ ಕಥೆ ಬಹುಮಟ್ಟಿಗೆ ಹೀಗೇ. ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ ಮಾಲ್ ಎದ್ದಿದೆ, ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟುಗಳು. ಜಯನಗರದ ನಮ್ಮ ಮನೆಯಲ್ಲಿ ಕೂತು ಅತ್ತೆ ಆಗಾಗ ಹೇಳುತ್ತಿದ್ದರು, "ಮಿಲ್ಲಿನ ಪಕ್ಕ ಊರು ಅಂತ ಒಂದಿತ್ತು ಅಂದ್ರೆ ಈಗಿನ ಮಕ್ಕಳು ನಂಬೋಲ್ಲ ಕಣೇ" ಅಂತ.

ಅದಕ್ಕೇ ಹೋದ ಮಳೆಗಾಲದಲ್ಲಿ ನಮ್ಮ ಯಜಮಾನರು ರಜೆ ಹಾಕಿ, ನಮ್ಮಿಬ್ಬರನ್ನೂ ಬೆಳಗಾವಿ ಜಿಲ್ಲೆಯ ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋದರು. ರಾತ್ರಿ ರೈಲು ಹತ್ತಿ ಮಾರನೇ ದಿನ ಘಟಪ್ರಭಾ ನಿಲ್ದಾಣದಲ್ಲಿ ಇಳಿದೆವು. (ಗೋಕಾಕ್ ಚಳವಳಿ ಅಂತ ಕೇಳಿದ್ದೀರಲ್ಲ, ಅದಕ್ಕೆ ಹೆಸರು ಬಂದದ್ದು ವಿ. ಕೃ. ಗೋಕಾಕರ ವರದಿಯಿಂದ, ಈ ಊರಿನಿಂದಲ್ಲ. ನಾನೂ ಬಹಳ ದಿನ ತಪ್ಪು ತಿಳಿದಿದ್ದೆ.)

ಗೋಕಾಕ ಪಟ್ಟಣದಿಂದ ಆರು ಕಿಲೋಮೀಟರ್ ದೂರದಲ್ಲಿ ಘಟಪ್ರಭಾ ನದಿ 52 ಮೀಟರ್ ಕೆಳಗೆ ಧುಮುಕುತ್ತದೆ. ನಮ್ಮ ಲೆಕ್ಕದಲ್ಲಿ 170 ಅಡಿ. ಕುದುರೆ ಲಾಳದ ಆಕಾರದ ಬಂಡೆ. ಕೆಂಪು ಮಣ್ಣು ಕಲಸಿದ ನೀರು ಬಿದ್ದರೆ ಪಕ್ಕದವರ ಮಾತು ಕೇಳಿಸೋಲ್ಲ. ಮೇಲೆ ಸುಮಾರು 200 ಮೀಟರ್ ಉದ್ದದ ತೂಗು ಸೇತುವೆ. ದಡದಲ್ಲಿ ಹಳೆಯ ಮಹಾಲಿಂಗೇಶ್ವರ ಗುಡಿ. ಆದರೆ ಅತ್ತೆಯವರ ಕಣ್ಣು ನೀರಿನ ಮೇಲೂ ಇಲ್ಲ, ಗುಡಿಯ ಮೇಲೂ ಇಲ್ಲ, ಮಿಲ್ಲಿನ ಕಡೆಗೇ.

1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಅಂತ ಶುರುವಾದದ್ದು ಇದು. ಹೆಸರಿನಲ್ಲೇ ನೀರಿದೆ ನೋಡಿ. ಸುತ್ತ ಎರೆ ಭೂಮಿ, ಅದರಲ್ಲಿ ಹತ್ತಿ. ಮಧ್ಯೆ ಬಿಟ್ಟಿಯಾಗಿ ಬೀಳುವ ನೀರು. ಕಲ್ಲಿದ್ದಲು ತರಿಸುವ ಖರ್ಚಿಲ್ಲದೆ ಮಿಲ್ಲು ತಿರುಗಿಸಬಹುದಲ್ಲ! ಕೆಳಗೆ ಕಣಿವೆಯಲ್ಲಿರುವ ವಿದ್ಯುತ್ ಮನೆಗೆ ಇಳಿಯಲು ಹಗ್ಗದ ಮೇಲೆ ಓಡುವ ಟ್ರಾಲಿ ಮಾಡಿದರು. 1887ರಲ್ಲೇ ಇಲ್ಲಿ ಕರೆಂಟು ಹುಟ್ಟಿತು ಅಂತ ಹೇಳುತ್ತಾರೆ. ನಮ್ಮ ಶಿವನಸಮುದ್ರದ ಕರೆಂಟು 1902ರದ್ದು, ಅಂದರೆ ಅದಕ್ಕೂ ಹದಿನೈದು ವರ್ಷ ಹಿಂದೆ.

ಹೀಗೆ ಬಂಡೆಯ ಮೇಲೆ ಒಂದು ಊರೇ ಬೆಳೆಯಿತು. ಪಕ್ಕದ ಕೊಣ್ಣೂರಿನಿಂದಲೂ ಜನ ಕೆಲಸಕ್ಕೆ ಬಂದರು. ಗೋಕಾಕ ಪಟ್ಟಣ ಒಂದು ಕಾಲಕ್ಕೆ ಕೈಮಗ್ಗಕ್ಕೆ, ಬಣ್ಣ ಹಾಕುವ ಕೆಲಸಕ್ಕೆ ಹೆಸರಾಗಿತ್ತು. ಆ ಕಸುಬು ಕಾಲಕ್ರಮೇಣ ಕುಗ್ಗಿತು. ಮಿಲ್ಲು ಬಂತು ಅಂತ ಹಿಗ್ಗುವಾಗ ಇದನ್ನೂ ಮರೆಯಬಾರದು ಅಂತ ನನಗನ್ನಿಸಿತು.

ಮಿಲ್ಲು ಶುರುವಾದಾಗ ಜಾರಿಯಲ್ಲಿದ್ದ 1881ರ ಕಾರ್ಖಾನೆ ಕಾಯಿದೆಯಲ್ಲಿ ಏಳು ವರ್ಷದ ಕೂಸು ಕೂಡ ಕೆಲಸಕ್ಕೆ ಹೋಗಬಹುದಿತ್ತು, ದಿನಕ್ಕೆ ಒಂಬತ್ತು ತಾಸು! ಹೆಂಗಸರ ದುಡಿಮೆಗೆ ದಿನಕ್ಕೆ ಹನ್ನೊಂದು ತಾಸಿನ ಮಿತಿ ಬಂದದ್ದು 1891ರಲ್ಲಿ. ಹನ್ನೊಂದು ತಾಸು ಮುಗಿಸಿ ಬಂದು ರೊಟ್ಟಿ ತಟ್ಟಿದ ಲೆಕ್ಕ ಯಾವ ಕಾಯಿದೆಯಲ್ಲೂ ಇಲ್ಲ, ಬಿಡಿ.

ಸಾಲು ಮನೆಗಳ ಹತ್ತಿರ ಹೋದಾಗ ಜಗಲಿಯ ಮೇಲೆ ಒಬ್ಬ ವಯಸ್ಸಾದ ಹೆಣ್ಣುಮಗಳು ಅಕ್ಕಿ ಆರಿಸುತ್ತಿದ್ದರು. ನಮ್ಮ ಅತ್ತೆ ಸಂಕೋಚವಿಲ್ಲದೆ ಮಾತಿಗೆ ನಿಂತೇಬಿಟ್ಟರು, ಬಿಲ್ಲೆ ತೆಗೆದು ತೋರಿಸಿದರು. ಬರುವಾಗ ಅದನ್ನು ಕೈಚೀಲದಲ್ಲಿ ಹಾಕಿಕೊಂಡದ್ದು ನನಗೇ ಗೊತ್ತಿರಲಿಲ್ಲ.

"ಒಳಗ ಬರ್ರಿ ಅಕ್ಕಾರ, ಚಾ ಕುಡೀರಿ. ಯಾ ಖಾತೇದಾಗ ಇದ್ದರು ನಿಮ್ಮವ್ವ?" ಅಂದರು ಅವರು.

"ವೈಂಡಿಂಗ್‌ನಲ್ಲಿ," ಅಂದರು ಅತ್ತೆ.

ಅಷ್ಟೇ. ಇಬ್ಬರೂ ಒಂದು ತಾಸು ಮಾತಾಡಿದರು. ಹತ್ತಿಯ ಧೂಳು ಮೂಗಿಗೆ ಹೋಗುವುದು, ಮಗ್ಗುಲಲ್ಲಿ ನಿಂತವರ ಮಾತು ಕೇಳದೆ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದು, ಮೊಲೆ ಕುಡಿಯುವ ಕೂಸನ್ನು ಯಾರ ಮಡಿಲಿಗೋ ಹಾಕಿ ಓಡುವುದು. ಒಬ್ಬರದು ಬೆಂಗಳೂರು ಮಾತು, ಇನ್ನೊಬ್ಬರದು ಗೋಕಾಕದ ಮಾತು, ಅರ್ಥವಾಗದ್ದು ಒಂದೂ ಇರಲಿಲ್ಲ. ನಾನು, ನಮ್ಮ ಯಜಮಾನರು ಚಹಾ ಲೋಟ ಹಿಡಿದು ಸುಮ್ಮನೆ ಕೂತಿದ್ದೆವು.

ಸ್ಕಾಟ್ಲೆಂಡಿನಲ್ಲಿ ನ್ಯೂ ಲನಾರ್ಕ್ ಅಂತ ಇಂಥದೇ ಒಂದು ಊರಿದೆ. ಅಲ್ಲೂ ಜಲಪಾತದ ಬಳಿ 1786ರಲ್ಲಿ ಹತ್ತಿ ಮಿಲ್ಲು ಶುರುವಾಯಿತು. ರಾಬರ್ಟ್ ಓವನ್ ಎಂಬ ಮಾಲೀಕರು 1816ರಲ್ಲಿ ಕೆಲಸಗಾರರ ಪುಟ್ಟ ಮಕ್ಕಳಿಗೆ ಶಾಲೆ ತೆರೆದರು. ಮಿಲ್ಲು 1968ರಲ್ಲಿ ನಿಂತಿತು. ಆದರೆ ಊರನ್ನು ಕೆಡವಲಿಲ್ಲ. 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಯಂತ್ರಗಳ ಜೊತೆಗೆ ಕೆಲಸಗಾರರ ಮನೆಯೊಂದನ್ನೂ ಅಂದಿನಂತೆ ಇಟ್ಟು ತೋರಿಸುತ್ತಾರೆ.

ಗೋಕಾಕ ಫಾಲ್ಸಿಗೆ ಬರುವ ಜನ ನೀರು ನೋಡಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ತಪ್ಪೇನಿಲ್ಲ. ಆದರೆ ಇಲ್ಲೂ ಒಂದು ಮನೆಯನ್ನು, ಒಲೆ, ರೊಟ್ಟಿ ಹಂಚು, ತೊಟ್ಟಿಲು ಸಮೇತ ಹಾಗೇ ಕಾಪಾಡಿ ಇಡಬಾರದೇ? ಕಲ್ಲಿನ ಗೋಡೆ, ಚಕ್ರ ಉಳಿಸುವವರು ಒಲೆಯನ್ನೂ ಉಳಿಸಲಿ. ಬೆಂಗಳೂರಿನಲ್ಲಿ ಆ ಕಾಲ ಮೀರಿತು.

ನೀವು ಹೋಗುವುದಾದರೆ ಜುಲೈನಿಂದ ಸೆಪ್ಟೆಂಬರ್ ಒಳಗೆ ಹೋಗಿ, ಬೇಸಿಗೆಯಲ್ಲಿ ಬರೀ ಬಂಡೆ. ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ. ಬರುವಾಗ ಗೋಕಾಕದ ಕರದಂಟು ತರುವುದನ್ನು ಮರೆಯಬೇಡಿ. ಅಂಟು, ಬೆಲ್ಲ, ಕೊಬ್ಬರಿ, ಉತ್ತುತ್ತಿ ಹಾಕಿ ಮಾಡುತ್ತಾರೆ, ಬಾಣಂತಿಯರಿಗೂ ಕೊಡುತ್ತಾರೆ. ಚಹಾ ಕೊಟ್ಟ ಆ ತಾಯಿ ಹೇಳಿದ ಗುಟ್ಟೆಂದರೆ, ಅಂಟನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲೇ ಅರಳಿಸಬೇಕು, ಅವಸರ ಮಾಡಿದರೆ ಒಳಗೆ ಹಸಿ ಉಳಿದು ಹಲ್ಲಿಗೆ ಅಂಟುತ್ತದೆ. ನಾನು ಮನೆಗೆ ಬಂದು ಒಂದು ಸಲ ಮಾಡಿದೆ, ಸ್ವಲ್ಪ ಅಂಟಿತು. ಅತ್ತೆ ಏನೂ ಅನ್ನಲಿಲ್ಲ, ಎರಡು ತುಂಡು ತಿಂದರು.