ಬಸುರಿಯ ಬಿಪಿ: ಕೂಲಿಯ ಲೆಕ್ಕ, ಔಷಧದ ಲೆಕ್ಕ

ಬಸುರಿಗೆ ಹೆರಿಗೆಯೊಳಗೆ ಎಂಟು ತಪಾಸಣೆ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಕಾಸಿಲ್ಲ. ಆದರೆ ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಹೋಬಳಿಯ ಕೂಲಿ ಹೆಣ್ಣುಮಗಳಿಗೆ ಅಂದಿನ ದುಡಿಮೆ ಹೋಗುತ್ತದೆ. 2025-26ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಜೊತೆಗೆ ಗಂಡನೋ ಅತ್ತೆಯೋ ಬಂದರೆ 740. ಎಂಟು ಸಲಕ್ಕೆ 5,920. ಚೊಚ್ಚಲಿಗೆ ಮಾತೃವಂದನಾ ಯೋಜನೆಯ 5,000, ಜನನಿ ಸುರಕ್ಷಾದ 700 ಎರಡೂ ಕೈಸೇರಿದರೂ ಬಸ್‌ ಚಾರ್ಜಿಗೆ ಮುಂಚೆಯೇ 220 ರೂಪಾಯಿ ಖೋತಾ.

ಹೀಗಾಗಿ ಮೈ ಚೆನ್ನಾಗಿದ್ದ ತಿಂಗಳು ತಪಾಸಣೆ ತಪ್ಪುತ್ತದೆ. ಬಿಪಿಯ ಅಪಾಯ ಇರುವುದೇ ಅಲ್ಲಿ. 20 ವಾರದ ನಂತರ ಅದು 140/90 ಮುಟ್ಟಿದರೂ ಬಸುರಿಗೆ ಗೊತ್ತಾಗದೆ ಇರಬಹುದು. ಕಾಲು ಊದಿದರೆ ‘ಬಸುರಿಗೆ ಇದ್ದದ್ದೇ’ ಎನ್ನುತ್ತಾರೆ. ತಲೆ ಸಿಡಿದು, ಕಣ್ಣು ಮಂಜಾಗುವ ಹೊತ್ತಿಗೆ ಬಸುರಿನ ನಂಜು (ಪ್ರಿಎಕ್ಲಾಂಪ್ಸಿಯಾ) ಏರಿರುತ್ತದೆ.

ಕ್ಯಾಲ್ಸಿಯಂ ಮಾತ್ರೆ ಈ ಅಪಾಯವನ್ನು ತಗ್ಗಿಸುತ್ತದೆ. 14ನೇ ವಾರದಿಂದ ದಿನಕ್ಕೆ 500 ಮಿಲಿಗ್ರಾಂನ ಎರಡು, ಅಂದರೆ 26 ವಾರಕ್ಕೆ 364 ಮಾತ್ರೆ. ಮೊದಲ ತಪಾಸಣೆಗೇ 20ನೇ ವಾರದಲ್ಲಿ ಬಂದವಳಿಗೆ 84 ಮಾತ್ರೆ ತಪ್ಪಿದಂತೆ. ಕಬ್ಬಿಣದ ಮಾತ್ರೆಯ ಜೊತೆಗೇ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಮ್ಮದು ರಾಗಿ ಸೀಮೆ, ನಿಜ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೂ ಮುದ್ದೆ ಉಣ್ಣುತ್ತೇನೆಂದು ಮಾತ್ರೆ ಬಿಡಬಾರದು.

ನಂಜು ಏರಿ ಫಿಟ್ಸ್ ಬಂದರೆ ಮೆಗ್ನೀಸಿಯಂ ಸಲ್ಫೇಟ್. ಆಂಪೂಲೊಂದರಲ್ಲಿ 2 ಮಿಲಿಲೀಟರ್, 1 ಗ್ರಾಂ ಔಷಧ. ಮೇಲಿನ ಆಸ್ಪತ್ರೆಗೆ ಕಳಿಸುವ ಮೊದಲು ಹತ್ತು ಆಂಪೂಲ್ ಒಡೆದು, ಎರಡೂ ಪಿರ್ರೆಯ ಸ್ನಾಯುವಿಗೆ ಐದೈದರಂತೆ ಆಳವಾಗಿ ಚುಚ್ಚಬೇಕು. ಆಸ್ಪತ್ರೆಯ ಪೂರ್ಣ ಕ್ರಮದಲ್ಲಿ ರಕ್ತನಾಳಕ್ಕೆ 4, ಸ್ನಾಯುವಿಗೆ 10, ಆಮೇಲೆ ನಾಲ್ಕು ಗಂಟೆಗೊಮ್ಮೆ 5: ಒಂದು ದಿನಕ್ಕೆ 44 ಗ್ರಾಂ. ಪ್ರತಿ ಸಲವೂ ಮೊಣಕಾಲಿನ ಪ್ರತಿಕ್ರಿಯೆ, ಉಸಿರು, ಮೂತ್ರದ ಪ್ರಮಾಣ ನೋಡಿಯೇ ಕೊಡಬೇಕು. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಔಷಧ ಪಡೆದವರಲ್ಲಿ ಫಿಟ್ಸ್ ಅರ್ಧಕ್ಕಿಂತ ಕೆಳಗಿಳಿಯಿತು. ಮಧುಗಿರಿಯಿಂದ ತುಮಕೂರಿಗೆ ನಲವತ್ತು ಕಿಲೋಮೀಟರಿಗೂ ಹೆಚ್ಚು. ಆ ದಾರಿಯಲ್ಲಿ ತಾಯಿಯನ್ನು ಕಾಯುವುದು ಮೊದಲ ಆ ಹತ್ತು ಆಂಪೂಲ್.

2018-20ರಲ್ಲಿ ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ ಸತ್ತ ತಾಯಂದಿರು 69, ಕೇರಳದಲ್ಲಿ 19. ಈ ಅಂತರ ತಗ್ಗಬೇಕಾದರೆ ಬಿಪಿ ಮೀಟರು, ಮೂತ್ರ ಪರೀಕ್ಷೆಯ ಪಟ್ಟಿ ಎರಡೂ ಪ್ರತಿ ತಿಂಗಳು ಅಂಗನವಾಡಿಗೇ ಬರಬೇಕು. ಎಂಟರಲ್ಲಿ ನಾಲ್ಕು ತಪಾಸಣೆ ಊರಲ್ಲೇ ಆದರೂ ಆ ಮನೆಗೆ 2,960 ರೂಪಾಯಿ ಕೂಲಿ ಉಳಿಯುತ್ತದೆ.